ಅಂತಿಯೋಕ್ಯದ ತಾಯಿಗೆ ಕುಂಕುಮ

ಹಳೆಯ ನಾಣ್ಯ ಓದುವುದಕ್ಕೆ ಡಿಗ್ರಿ ಬೇಕೆಂದು ನಮ್ಮ ನಾಣ್ಯ ಸಂಘದ ಅಧ್ಯಕ್ಷರ ನಂಬಿಕೆ. ನಾನು ಓದಿದ್ದು ಏಳನೇ ಕ್ಲಾಸು. ಅಲ್ಲಿಂದ ಲೇತ್ ಮುಂದೆ ನಿಂತವನು ಇವತ್ತು ಕುಂಬಾರಕೊಪ್ಪಲಿನಲ್ಲಿ ಸ್ವಂತ ವರ್ಕ್‌ಶಾಪ್ ಇಟ್ಟಿದ್ದೇನೆ. ಯಾರ ಹಂಗೂ ಇಲ್ಲ.

ನನ್ನ ಹತ್ತಿರ ರೋಮನ್ನರ ಕಾಲದ ಕಂಚಿನ ನಾಣ್ಯವೊಂದಿದೆ. ರೋಮಿನದಲ್ಲ, ಅವರ ಆಳ್ವಿಕೆಯಲ್ಲಿದ್ದ ಅಂತಿಯೋಕ್ಯ ಎಂಬ ಊರಿನವರು ಹೊಡೆಸಿದ್ದು. ಒಂದು ಕಡೆ ಚಕ್ರವರ್ತಿಯ ತಲೆ. ಇನ್ನೊಂದು ಕಡೆ ಬಂಡೆಯ ಮೇಲೆ ಕೋಟೆಯಾಕಾರದ ಕಿರೀಟ ತೊಟ್ಟು ಕೂತ ಹೆಂಗಸು, ಕಾಲಡಿಯಲ್ಲಿ ಕೈ ಚಾಚಿದ ಗಂಡಸು, ಪಕ್ಕದಲ್ಲಿ ಗ್ರೀಕ್ ಅಕ್ಷರ. ಆ ಅಕ್ಷರಗಳೇ ಇಸವಿಯ ಅಂಕಿ. ನಮ್ಮ ಬೀದಿಯವರು ಎಲ್ಲವನ್ನೂ ನಲ್ಲಿ ಬಂದ ವರ್ಷದಿಂದ ಲೆಕ್ಕ ಹಾಕುವ ಹಾಗೆ, ಅವರೂ ತಮ್ಮೂರಿಗೆ ಒಳ್ಳೆಯದಾದ ವರ್ಷದಿಂದ ಎಣಿಸುತ್ತಿದ್ದರು. ಅದನ್ನೇ ಹಿಡಿದು ಕಾಲ ಬಿಡಿಸಿದೆ. ಹೆಂಗಸು ಆ ಊರಿನ ದೇವತೆ, ಕೆಳಗಿನವನು ಅಲ್ಲಿಯ ನದಿ.

ಸಂಘದ ಪ್ರದರ್ಶನದಲ್ಲಿ ನಾಣ್ಯದ ಪಕ್ಕದ ಚೀಟಿಯಲ್ಲಿ ಇದು ನನ್ನ ಮಾತಿನಲ್ಲೇ ಇರಬೇಕೆಂದು ನನಗೆ ಹಟ. ಕೇಳಲು ಹೋದಾಗ ಅಧ್ಯಕ್ಷರು ಲಕ್ಷ್ಮೀಪುರಂನ ತಮ್ಮ ಮನೆಯಲ್ಲಿ ಕಾಫಿ ಕೊಟ್ಟು, "ಅವಳು ರಾಣಿ ಕಣ್ರೀ, ಸ್ನಾನಕ್ಕೆ ಕೂತಿದ್ದಾಳೆ," ಎಂದರು.

"ಕಿರೀಟ ಹಾಕ್ಕೊಂಡಾ ಸಾರ್?"

"ರಾಣಿಯರ ವಿಷಯ ನಿಮಗೇನ್ರೀ ಗೊತ್ತು?"

ಅವರಿಗೆ ಎಷ್ಟು ರಾಣಿಯರ ಪರಿಚಯವಿತ್ತೋ, ಕೇಳಲಿಲ್ಲ. ಎರಡನೇ ಲೋಟ ಕಾಫಿಯ ಹೊತ್ತಿಗೆ ಬೇಸತ್ತು ಒಪ್ಪಿದರು.

ಪ್ರದರ್ಶನ ಬಿದ್ದದ್ದು ಆಷಾಢ ಶುಕ್ರವಾರ, ಊರಿಗೆ ಊರೇ ಬೆಟ್ಟ ಹತ್ತಿ ತಾಯಿಯ ದರ್ಶನ ಮಾಡುವ ದಿನ. ಬೆಳಿಗ್ಗೆ ನೋಡಿದರೆ ನಾಣ್ಯ ನಮ್ಮ ದೇವರ ಗೂಡಿನಲ್ಲಿದೆ, ಹೆಂಗಸಿನ ಹಣೆಗೆ ಕುಂಕುಮ!

"ಏನೇ ಮಾಡ್ಬುಟ್ಟೆ ಇದು?" ಎಂದೆ ಹೆಂಡತಿಗೆ.

"ಬೆಟ್ಟದ್ ಮೇಲೆ ತಾಯಿ, ಕಾಲಡೀಲಿ ಮಹಿಷ. ನಿಮ್ಗೆ ಕಣ್ ಕಾಣಾಕಿಲ್ವಾ?"

"ಅವಳು ಬೇರೆ ದೇಶದೋಳು ಕಣೇ."

"ಏನ್ ಕೆಲ್ಸ ಅವಳ್ದು?"

"ಊರು ಕಾಯೋದು."

"ಇನ್ನೇನ್ ಮತ್ತೆ! ಅದೇ ತಾಯಿ. ಕುಂಕುಮ ಅಳಿಸಿದ್ರೆ ನೋಡಿ."

ಅಳಿಸುವ ಧೈರ್ಯ ಬರಲಿಲ್ಲ. ಹಾಗೇ ತಂದು ಬೆಟ್ಟದ ಬುಡದ ಸಭಾಂಗಣದಲ್ಲಿ, ಪ್ರದರ್ಶನದ ಗಾಜಿನ ಪೆಟ್ಟಿಗೆಯಲ್ಲಿಟ್ಟೆ. ಅಧ್ಯಕ್ಷರು ಅದನ್ನು ಕಂಡು ಬಾಯಿ ತೆರೆಯುವಷ್ಟರಲ್ಲಿ ಬೆಟ್ಟದಿಂದ ಇಳಿದ ಹೆಂಗಸರ ಗುಂಪು ಒಳಗೆ ಬಂತು. ಒಬ್ಬಾಕೆ ಕೈಮುಗಿದಳು, ಹಿಂದೆಯೇ ಸಾಲು ನಿಂತಿತು. ಪಕ್ಕದ ಪೆಟ್ಟಿಗೆಯಲ್ಲಿ ಅಧ್ಯಕ್ಷರು ಇಟ್ಟಿದ್ದ ಚಿನ್ನದ ನಾಣ್ಯ, ಹಳೆಯ ವರಹ, ಅದನ್ನು ಕೇಳುವವರೇ ಇಲ್ಲ.

"ತಾಯಿ ಮುಂದೆ ಬೂಟಾ? ಬಿಚ್ಚಿ ಸಾಮಿ," ಎಂದು ಅಜ್ಜಿಯೊಬ್ಬಳು ಗದರಿದಳು. ಅಧ್ಯಕ್ಷರು ಬಿಚ್ಚಿದರು.

ಯಾರೋ ಗಾಜಿನ ಮೇಲೆ ಮಲ್ಲಿಗೆ ಇಟ್ಟರು. ನನ್ನ ಚೀಟಿ ಪೂರ್ತಿ ಮುಚ್ಚಿತು. ಸರಿಸಲು ಕೈ ಚಾಚಿದೆ.

"ಮುಟ್ಬೇಡ್ರೀ!" ಕಾಲುಚೀಲದಲ್ಲಿ ನಿಂತ ಅಧ್ಯಕ್ಷರು ಕೈ ಹಿಡಿದರು. "ಜನ ಏನಂದ್ಕೋತಾರೆ?"

ಇಷ್ಟು ದುಡಿದು ಬಿಡಿಸಿದ್ದನ್ನು ಹೂವಿನಡಿ ಬಿಟ್ಟು ಹೋಗುವವನೇ ನಾನು? ಅಲ್ಲೇ ನಿಂತು ಊರು, ಚಕ್ರವರ್ತಿ, ಇಸವಿ, ಗ್ರೀಕ್ ಅಕ್ಷರ, ಎಲ್ಲವನ್ನೂ ಗಟ್ಟಿಯಾಗಿ ಒಪ್ಪಿಸಿದೆ. ಜನ ತಲೆ ಬಾಗಿಸಿ, ಕಣ್ಣು ಮುಚ್ಚಿ, ಭಕ್ತಿಯಿಂದ ಕೇಳಿದರು.