ಝೆರಾಕ್ಸ್ ಗಾಜಿನ ಮೇಲಿನ ನಕ್ಷತ್ರ

ಮೊನ್ನೆ ಬಾಳೆಗುಳಿ ಕ್ರಾಸಿನ ಝೆರಾಕ್ಸ್ ಅಂಗಡಿಯಲ್ಲಿ ನನ್ನ ಆಧಾರ್ ಕಾರ್ಡಿನ ಪ್ರತಿ ತೆಗೆಸಿದೆ. ಕಣ್ಣಾಸ್ಪತ್ರೆಯ ಅರ್ಜಿಯ ಜೊತೆ ಲಗತ್ತಿಸಬೇಕಿತ್ತು. ಬಿಸಿಬಿಸಿ ಹಾಳೆ ಕೈಗೆ ಬಂದಾಗ ನೋಡುತ್ತೇನೆ, ನನ್ನ ಮೂಗಿನ ಪಕ್ಕ ಒಂದು ಕಪ್ಪು ಚುಕ್ಕೆ. ದೇವರು ಕೊಡದ ಮಚ್ಚೆಯನ್ನು ಯಂತ್ರ ಕೊಟ್ಟಿತ್ತು. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಅಂಗಡಿಯ ಹೆಂಗಸು ಗಾಬರಿಯಿಂದ ನನ್ನ ಮುಖ ನೋಡಿದಳು. ಇಂಥದೇ ಒಂದು ಚುಕ್ಕೆಗಾಗಿ ನಾನು ಒಮ್ಮೆ ಕಾಲೇಜಿಗೆಲ್ಲ ಪೇಡೆ ಹಂಚಿದ್ದೆ ಎಂದು ಅವಳಿಗೆ ಹೇಗೆ ಹೇಳಲಿ? ನಿಮಗಾದರೆ ಹೇಳಬಹುದು, ನೀವು ಆ ಪೇಡೆ ತಿಂದವರಲ್ಲ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಕಾರವಾರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಅವರ್ಸಾದಲ್ಲಿ ಬೊಮ್ಮಯ್ಯ ಎಂಬ ಮೀನುಗಾರರ ಮನೆಯ ಪಕ್ಕದ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆ. ಪಾಠ ಹೇಳುವ ಹೆಂಗಸಾದ್ದರಿಂದ ಆ ಊರಿನವರಿಗೆಲ್ಲ ನಾನು ಅಕ್ಕೋರು. ಆ ಹೊತ್ತಿಗೆ ಪರದೇಶದ ವಿಜ್ಞಾನಿಗಳು ಭೂಮಿಯ ಉತ್ತರಕ್ಕೊಂದು, ದಕ್ಷಿಣಕ್ಕೊಂದು ದೂರದರ್ಶಕ ಇಟ್ಟು ಇಡೀ ಆಕಾಶವನ್ನು ಅವಕೆಂಪು ಬೆಳಕಿನಲ್ಲಿ ತುಂಡು ತುಂಡಾಗಿ ಚಿತ್ರ ತೆಗೆದು ಮುಗಿಸಿದ್ದರು. ಆ ಚಿತ್ರಗಳನ್ನೆಲ್ಲ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದ್ದರು. ಅವಕೆಂಪು ಎಂದರೆ ಕಣ್ಣಿಗೆ ಕಾಣದ ಬೆಳಕು. ಬೆಂಕಿ ಆರಿದ ಮೇಲೂ ಒಲೆಯ ಕಲ್ಲಿನ ಮುಂದೆ ಅಂಗೈ ಹಿಡಿದರೆ ಗೊತ್ತಾಗುತ್ತದಲ್ಲ, ಅದು. ಮಾಮೂಲಿ ಫೋಟೋದಲ್ಲಿ ಇದೆಯೋ ಇಲ್ಲವೋ ಅನ್ನುವಂಥ ತಣ್ಣಗಿನ ನಕ್ಷತ್ರಗಳು ಈ ಚಿತ್ರಗಳಲ್ಲಿ ದಪ್ಪಗೆ ಮೂಡುತ್ತವೆ. ಅಂಥ ಚುಕ್ಕೆಗಳು ಲೆಕ್ಕವಿಲ್ಲದಷ್ಟು, ಅವನ್ನೆಲ್ಲ ಒಂದೊಂದಾಗಿ ನೋಡಿ ಮುಗಿಸಿದವರು ಯಾರೂ ಇಲ್ಲ ಎಂದು ಓದಿದ ದಿನ ನನಗೆ ಊಟ ಸೇರಲಿಲ್ಲ. ಒಂದು ನಕ್ಷತ್ರ, ಒಂದೇ ಒಂದು, ಲೋಕದಲ್ಲಿ ಮೊದಲು ನಾನೇ ಕಂಡದ್ದು ಇರಬೇಕು ಎಂಬ ಹುಚ್ಚು ಹತ್ತಿತು.

ನಿಜ ಹೇಳಬೇಕೆಂದರೆ ಆಗ ನನಗೆ ಆಕಾಶದಲ್ಲಿ ಗುರುತು ಸಿಗುತ್ತಿದ್ದುದು ಸಪ್ತರ್ಷಿ ಮಂಡಲ ಒಂದೇ. ಸೊಳ್ಳೆ ಕಚ್ಚುತ್ತದೆಂದು ಸಂಜೆಯಾದರೆ ಅಂಗಳಕ್ಕೂ ಇಳಿಯುತ್ತಿರಲಿಲ್ಲ. ಆದರೆ ನನ್ನ ಆಕಾಶ ಹಗಲಿನದು, ಸೈಬರ್ ಕೆಫೆಯ ಫ್ಯಾನಿನ ಕೆಳಗಿನದು. ಒಂದು ಚಿತ್ರ ಇಳಿಯಲು ಅರ್ಧ ತಾಸು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಆಕಾಶ ಬಿಳಿ, ನಕ್ಷತ್ರ ಕಪ್ಪು ಮಾಡಿ ಮುದ್ರಿಸಿದರೆ ಅಕ್ಕಿಹಿಟ್ಟಿನ ಮೇಲೆ ಕರಿ ಎಳ್ಳು ಚೆಲ್ಲಿದ ಹಾಗಿರುತ್ತಿತ್ತು. ಅದನ್ನು ಪಕ್ಕದ ಅಂಗಡಿಯಲ್ಲಿ ಪಾರದರ್ಶಕ ಹಾಳೆಗೆ ಝೆರಾಕ್ಸ್ ಮಾಡಿಸುತ್ತಿದ್ದೆ. ಅದೇ ಜಾಗದ, ಹಲವು ವರ್ಷ ಹಿಂದಿನ ಮಾಮೂಲಿ ಚಿತ್ರದ್ದೂ ಒಂದು ಹಾಳೆ. ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಚುಕ್ಕೆಯ ಮೇಲೆ ಚುಕ್ಕೆ ಕೂರಬೇಕು. ಕೂರದೆ ಸರಿದು ನಿಂತದ್ದು ಸಿಕ್ಕಿತೋ, ಅದು ನಮ್ಮ ಹತ್ತಿರದ ನಕ್ಷತ್ರ, ಈ ವರ್ಷಗಳಲ್ಲಿ ನಡೆದು ಬಂದಿದೆ ಎಂದರ್ಥ.

ಬೊಮ್ಮಯ್ಯ ಈ ಆಟಕ್ಕೆ ಸೇರಿದ್ದು ಕೆಲಸವಿಲ್ಲದೆ. ವಯಸ್ಸಾಗಿ ದೋಣಿಗೆ ಹೋಗುವುದು ಬಿಟ್ಟ ಮೇಲೆ ಅವರು ಜಗುಲಿಯಲ್ಲಿ ಕೂತು ಊರಿನ ಬಲೆಗಳನ್ನೆಲ್ಲ ರಿಪೇರಿ ಮಾಡುತ್ತಿದ್ದರು. ಆ ವರ್ಷ ಅವರು ಸರಿಮಾಡಿದ ಬಲೆಯೊಂದರಲ್ಲಿ ಹರಕು ಉಳಿದು, ಒಳ್ಳೆಯ ಬಂಗಡೆ ರಾಶಿಯೊಂದು ಸಮುದ್ರಕ್ಕೇ ವಾಪಸ್ಸಾಯಿತು. ಆ ಹರಕು ತನ್ನದಲ್ಲ, ಕಲ್ಲಿಗೆ ಸಿಕ್ಕಿ ಹೊಸದಾಗಿ ಆದದ್ದು ಎಂದು ಅವರ ವಾದ. ಅಪ್ಪನ ಕಣ್ಣು ಹೋಯಿತು ಎಂದು ಮಗ ಗಣಪತಿಯ ವಾದ. ಎಡಗಣ್ಣಿಗೆ ಪೊರೆ ಬಂದದ್ದು ಎದುರಿಗೆ ಕೂತವರಿಗೆಲ್ಲ ಕಾಣುತ್ತಿತ್ತು. ಆಪರೇಷನ್ ಮಾಡಿಸೋಣ ಎಂದರೆ ಅವರು ಮುಖ ತಿರುಗಿಸುತ್ತಿದ್ದರು. ಮಾಡಿಸಿಕೊಂಡರೆ ಹರಕು ತನ್ನದೇ ಎಂದು ಊರಿನ ಮುಂದೆ ಒಪ್ಪಿಕೊಂಡ ಹಾಗಲ್ಲವೇ? ಗಣಪತಿ ಬಲೆಗಳನ್ನು ರಿಪೇರಿಗೆ ಕಾರವಾರಕ್ಕೆ ಕಳಿಸತೊಡಗಿದ. ಅಪ್ಪ ಮಗ ಮಾತು ಬಿಟ್ಟರು.

ಹೀಗೆ ಖಾಲಿ ಜಗುಲಿಯಲ್ಲಿ ಕೂತವರು ಒಂದು ದಿನ ನನ್ನ ಹಾಳೆಗಳತ್ತ ಕೈ ಚಾಚಿದರು. ನಾನೋ ಆಗ ತುದಿಗಾಲಲ್ಲಿದ್ದೆ. ಹಿಂದಿನ ವಾರವಷ್ಟೇ ಒಂದು ಚುಕ್ಕೆ ಒಂದು ಹಾಳೆಯಲ್ಲಿ ಇಲ್ಲಿ, ಇನ್ನೊಂದರಲ್ಲಿ ಅಲ್ಲಿ ಸಿಕ್ಕಿತ್ತು! ಪ್ರಿನ್ಸಿಪಾಲರು ಕೈ ಕುಲುಕಿದ್ದರು, ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರು ಬಂದಿತ್ತು, ಪೇಡೆ ಖರ್ಚಾಗಿತ್ತು. ನಕ್ಷತ್ರಕ್ಕೆ ಇಡಲು ಎರಡು ಹೆಸರು ಕೂಡ ಆರಿಸಿಟ್ಟಿದ್ದೆ. ಬೊಮ್ಮಯ್ಯ ಎಡಗಣ್ಣು ಮುಚ್ಚಿಕೊಂಡು ಹಾಳೆಗಳನ್ನು ಸಮುದ್ರದ ಬೆಳಕಿಗೆ ಹಿಡಿದರು. ಆಮೇಲೆ ಬಲೆಯ ಕಣ್ಣಿನ ಅಳತೆಗೆ ಇಟ್ಟುಕೊಂಡಿದ್ದ ಬಿದಿರಿನ ಪಟ್ಟಿ ತೆಗೆದು ಹಾಳೆಯ ಅಂಚಿನಿಂದ ಚುಕ್ಕೆಯವರೆಗೆ ಅಳೆದರು. ಪಕ್ಕದಲ್ಲಿದ್ದ ಬೇರೆ ಬೇರೆ ಆಕಾಶಗಳ ಹಾಳೆಗಳನ್ನೂ ಎಳೆದುಕೊಂಡು ಅಳೆದರು.

“ಅಕ್ಕೋರೆ, ಇದ್ ಆಕಾಶದ್ದಲ್ಲ. ಎಲ್ಲಾ ಹಾಳೇಲೂ ಒಂದೇ ಜಾಗ್ದಲ್ಲೇ ಅದೆ,” ಅಂದರು.

ಝೆರಾಕ್ಸ್ ಯಂತ್ರದ ಗಾಜಿನ ಮೇಲಿನ ಕೊಳೆ! ನಕ್ಷತ್ರಕ್ಕೆ ನಕ್ಷತ್ರ ಕೂರಲೆಂದು ಹಾಳೆ ಸರಿಸುತ್ತಿದ್ದೆನಲ್ಲ, ಆಗ ಕೊಳೆಯೂ ಸರಿದು ಎರಡಾಗಿ ಕಾಣುತ್ತಿತ್ತು. ಎರಡು ದಿನ ರಜೆ ಹಾಕಿದೆ. ಮೂರನೆಯ ದಿನ ನಾಚಿಕೆಗಿಂತ ಹುಚ್ಚೇ ಮೇಲಾಗಿ ಬೊಮ್ಮಯ್ಯನವರ ಮುಂದೆ ಹಾಳೆಗಳ ಕಟ್ಟು ಇಟ್ಟೆ. ಬೇರೆ ಅಂಗಡಿಯಲ್ಲಿ, ಗಾಜು ಒರೆಸಿ ತೆಗೆಸಿದ್ದು.

ಆ ಬೇಸಿಗೆ ರಜೆಯಷ್ಟು ಖುಷಿಯ ದಿನಗಳು ನನ್ನ ಪಾಲಿಗೆ ಮತ್ತೆ ಬರಲಿಲ್ಲ. ಬೆಳಗಿನ ಗಂಜಿಯಿಂದ ಬಿಸಿಲು ಇಳಿಯುವವರೆಗೆ ನಾವಿಬ್ಬರೂ ಆಕಾಶ ಜಾಲಾಡಿದೆವು. ಚಹಾ ತಡವಾದರೆ ಅವರಿಗೆ ಸಿಟ್ಟು. ನಾನು ಹಾಳೆಗೆ ಬೆರಳು ತಾಗಿಸಿದರೆ ಇನ್ನೂ ಸಿಟ್ಟು. ನಾನು ಚುಕ್ಕೆಗಳನ್ನು ನೋಡುತ್ತಿದ್ದೆ, ಅವರು ಚುಕ್ಕೆ ಇಲ್ಲದ ಜಾಗವನ್ನು. ಬಲೆಯವರು ಹುಡುಕುವುದು ದಾರವನ್ನಲ್ಲ, ಹರಕನ್ನಲ್ಲವೇ. ಮೇ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಅವರು ಒಂದು ಜಾಗದ ಮೇಲೆ ಪಟ್ಟಿಯ ತುದಿ ಇಟ್ಟರು. ಅವಕೆಂಪು ಹಾಳೆಯಲ್ಲಿ ದಪ್ಪ ಚುಕ್ಕೆ, ಅದರಡಿಯ ಹಳೆಯ ಚಿತ್ರದಲ್ಲಿ ಏನೂ ಇಲ್ಲ. ಆ ಹಳೆಯ ಚಿತ್ರದಲ್ಲೇ ಕೂದಲೆಳೆಯಷ್ಟು ಆಚೆಗೆ ಮಸುಕಾದ, ಜೊತೆಯಿಲ್ಲದ ಒಂದು ಚುಕ್ಕೆ. ಗಂಟು ಜಾರಿದೆ ಅಂದರು. ಅಂಚಿನಿಂದ ಅಳೆದೆವು. ಮೂರು ಅಂಗಡಿಗಳಲ್ಲಿ ಝೆರಾಕ್ಸ್ ತೆಗೆಸಿದೆ. ಚುಕ್ಕೆ ಅಲ್ಲೇ ಇತ್ತು.

ಪರದೇಶದ ಖಗೋಳ ವಿಜ್ಞಾನಿಯೊಬ್ಬರಿಗೆ ಇಮೇಲ್ ಬರೆದೆ. ಎಂಟು ದಿನಕ್ಕೆ ಉತ್ತರ ಬಂತು. ನಕ್ಷತ್ರ ನಿಜವಾದದ್ದೇ, ತಣ್ಣಗಿನದು, ನಮ್ಮ ಹತ್ತಿರದ್ದು; ಆದರೆ ಕೆಲವು ವರ್ಷಗಳ ಹಿಂದೆಯೇ ಬೇರೆಯವರು ಕಂಡು ಪಟ್ಟಿಗೆ ಸೇರಿಸಿದ್ದಾರೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಳು ತಡೆದುಕೊಂಡು ಬಂದೆ. ಜಗುಲಿಯಲ್ಲಿ ಬೊಮ್ಮಯ್ಯ, ಅಂಗಳದಲ್ಲಿ ಗಣಪತಿ. ಓದಿ ಹೇಳಿದೆ. ಹಾಗಾದರೆ ಮಾಡಿದ್ದೆಲ್ಲ ದಂಡ ಎಂದು ಗಣಪತಿ ಗೊಣಗಿದ.

ಬೊಮ್ಮಯ್ಯ ಎದ್ದು ನಿಂತಿದ್ದರು. “ಬ್ಯಾರೆಯವ್ರೂ ಕಂಡಾರೆ ಅಂದ್ರೆ ಅದು ಅಲ್ಲಿ ಅದೆ ಅಂತಾಯ್ತಲ್ಲ. ನಾ ಕಂಡದ್ದು ಖರೆ.”

ಮರುದಿನ ಬೆಳಿಗ್ಗೆ ಜಗುಲಿಯ ಮೇಲೆ ಗಣಪತಿ ತಂದು ಹಾಕಿದ್ದ ಹರಿದ ಬಲೆಯೊಂದಿತ್ತು. ಬೊಮ್ಮಯ್ಯ ಅದನ್ನು ಮಡಿಲಿಗೆ ಎಳೆದುಕೊಂಡು ಬಹಳ ಹೊತ್ತು ಸವರಿದರು, ನಂತರ ನನ್ನನ್ನು ಕರೆದರು. ಮಗ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದರು: “ಆ ಬಂಗಡೆ ಹೋದ ಹರಕು ನಂದೇ ಅಕ್ಕೋರೆ. ನಂಗೆ ಕಂಡೇ ಇರ್ಲಿಲ್ಲ.” ಮುಂದಿನ ವಾರ ತಾವಾಗಿಯೇ ಆಪರೇಷನ್ನಿಗೆ ಹೊರಟರು. ಕುರುಡ ಎಂದು ಕರೆಯುವವರು ಯಾರೂ ಉಳಿದಿರಲಿಲ್ಲ, ಹೋಗಲು ಅಡ್ಡಿಯಿರಲಿಲ್ಲ.

ಬಾಳೆಗುಳಿಯ ಅಂಗಡಿಯವಳು ಇನ್ನೊಂದು ಪ್ರತಿ ತೆಗೆದುಕೊಟ್ಟಳು. ಎರಡನ್ನೂ ಬಿಸಿಲಿಗೆ ಹಿಡಿದು ಬೆರಳಿನಿಂದ ಅಳೆದು, ಗಾಜು ಒರೆಸು ತಂಗಿ ಅಂದೆ. ಒರೆಸಿ ಮತ್ತೊಂದು ತೆಗೆದಳು, ನನ್ನ ಮಚ್ಚೆ ಹೋಯಿತು. ಆದರೆ ನನಗೆ ಕಂಡದ್ದು ಅದೊಂದೇ ಚುಕ್ಕೆ. ಹಾಳೆಯ ತುಂಬ ಇನ್ನೂ ಇದ್ದಾವೆ, ಕ್ಷಮಿಸಿ ಎಂದು ಅವಳು ಮತ್ತೆ ಮತ್ತೆ ಒರೆಸುತ್ತಿದ್ದಳು. ನನ್ನ ಕಣ್ಣಿಗೆ ಹಾಳೆ ಬೆಳ್ಳಗಿತ್ತು. ವರ್ಷದಿಂದ ಕನ್ನಡಕದ ನಂಬರು ತಪ್ಪಿದೆ, ದೀಪ ಸಾಲದು ಎಂದು ಮನೆಯವರಿಗೆಲ್ಲ ಹೇಳಿಕೊಂಡು ಬಂದವಳು ನಾನು. ನನ್ನ ಕಣ್ಣಿನ ಪೊರೆಯ ಆಪರೇಷನ್ನಿನ ಅರ್ಜಿ ತುಂಬಿಸಿಯೂ ದಿನಾಂಕದ ಜಾಗ ಖಾಲಿ ಬಿಟ್ಟು ತಿಂಗಳಾಗಿತ್ತು.

ಅವಳ ಪೆನ್ನು ಕೇಳಿ ಇಸಿದುಕೊಂಡೆ. ಅರ್ಜಿಯ ಸಾಲು ಸರಿಯಾಗಿ ಕಾಣಲಿಲ್ಲ. ಬೆರಳಿನಿಂದ ಅಂಚು ಹಿಡಿದು ಜಾಗ ಅಳೆದು, ಬರುವ ಸೋಮವಾರದ ತಾರೀಖು ಬರೆದೆ.