ಸೊನ್ನೆಗೆ ಮರಳದ ಟೈಮರ್

ನಸ್ರೀನ್, ಅಂದು ನಿಮ್ಮ ಪ್ರೋಗ್ರಾಮ್ ನಿಧಾನವಾಗಿರಲಿಲ್ಲ. ತಪ್ಪಿದ್ದು ನನ್ನ ಟೈಮರ್. ಅದು ನನಗೆ ಒಂದೇ ವಾರದಲ್ಲಿ ಗೊತ್ತಾಗಿತ್ತು — ಆರು ವರ್ಷ ಮುಚ್ಚಿಟ್ಟೆ.

ಸಹಕಾರನಗರದ ಪಾರ್ಕಿನೆದುರು, ಮೊದಲ ಮಹಡಿಯ ನಮ್ಮ ಪುಟ್ಟ ಆಫೀಸು ಈಗಲೂ ನೀರೊಳಗಿನ ಕೋಣೆಯಂತೆ ನೆನಪಾಗುತ್ತದೆ. ಮಧ್ಯಾಹ್ನ ಹೊಂಗೆಯ ನೆರಳು ನಿಮ್ಮ ಪರದೆಯ ಮೇಲೆ ತೇಲುತ್ತಿತ್ತು. ನೀವು ಅದನ್ನು ಒರೆಸುವವರಂತೆ ಬೆರಳಾಡಿಸುತ್ತಿದ್ದಿರಿ. ಶಾಲಾ ವ್ಯಾನುಗಳಿಗೆ ಹತ್ತಿರದ ದಾರಿ ಹುಡುಕುವ ಪ್ರೋಗ್ರಾಮನ್ನು ನೀವೊಂದು ರೀತಿ, ನಾನೊಂದು ರೀತಿ ಬರೆದಿದ್ದೆವು. ಬೇಗ ಮುಗಿಸುವುದನ್ನೇ ಇಟ್ಟುಕೊಳ್ಳೋಣ ಎಂದಿದ್ದರು ನಮ್ಮ ಮುಖ್ಯಸ್ಥ ಸುರೇಶ್ ಸರ್. ಹೊತ್ತು ಅಳೆಯಲೆಂದು ಜಾವಾ ಕೋಡಿನಲ್ಲಿ ಒಂದು ಪುಟ್ಟ ಟೈಮರ್ ಕ್ಲಾಸ್ ಬರೆದವಳು ನಾನು. ಶುರು ಮಾಡು, ನಿಲ್ಲು, ಎಷ್ಟು ಹೊತ್ತಾಯಿತು ಹೇಳು — ಅಷ್ಟೇ ಅದರ ಕೆಲಸ.

ಮೊದಲು ನನ್ನದು ಓಡಿತು, ಆಮೇಲೆ ನಿಮ್ಮದು. ನಿಮ್ಮದಕ್ಕೆ ಹೆಚ್ಚು ಹೊತ್ತು ತೋರಿಸಿತು. ನೀವು ಮೆಲ್ಲಗೆ ಕೇಳಿದಿರಿ, "ವೀಣಾ, ಟೈಮರ್ ಸರಿ ಇದ್ಯಾ, ಒಂದ್ಸಲ ನೋಡ್ತೀರಾ?"

"ಹತ್ತು ಸಾಲಿನ ಕ್ಲಾಸ್ ಕಣ್ರೀ, ಅದ್ರಲ್ಲೇನ್ ತಪ್ಪಿರುತ್ತೆ?" ಎಂದೆ. ನೋಡಲಿಲ್ಲ.

ನನ್ನದು ಉಳಿಯಿತು. ನಿಮ್ಮನ್ನು ಗ್ರಾಹಕರ ದೂರು ಕೇಳುವ ಮೇಜಿಗೆ ಕಳಿಸಿದರು. ತಿಂಗಳೊಳಗೆ ನೀವು ಕೆಲಸ ಬಿಟ್ಟಿರಿ. ಆದರೆ ಅದಕ್ಕೂ ಮೊದಲೇ — ನೀವಿನ್ನೂ ಆ ಮೇಜಿನಲ್ಲಿದ್ದಾಗಲೇ — ನನಗೆ ಕಂಡಿತ್ತು: ಎರಡನೇ ಸಲ ಶುರುವಾಗುವಾಗ ಟೈಮರ್ ಸೊನ್ನೆಗೆ ಮರಳುತ್ತಿರಲಿಲ್ಲ. ನನ್ನ ಹೊತ್ತನ್ನೂ ನಿಮ್ಮ ಹೊತ್ತಿಗೆ ಸೇರಿಸಿ ತೋರಿಸಿತ್ತು. ಒಂದು ಸಾಲು ಸೇರಿಸಿ ಮತ್ತೆ ಓಡಿಸಿದೆ. ನಿಮ್ಮದು ನನ್ನದರ ಅರ್ಧ ಹೊತ್ತಿನಲ್ಲಿ ಮುಗಿಯಿತು. ತಲೆಯೆತ್ತಿದರೆ ನೀವು ಫೋನಿನಲ್ಲಿ ಯಾರಿಗೋ ಕ್ಷಮೆ ಕೇಳುತ್ತಿದ್ದಿರಿ. ನಾನು ಫೈಲು ಮುಚ್ಚಿ ಕಾಫಿಗೆ ಎದ್ದೆ.

ಕಳೆದ ತಿಂಗಳು, ಹೆಬ್ಬಾಳದಲ್ಲಿ ಬೆಳಗಿನ ಬಸ್ಸು ಹತ್ತಿದಾಗ, ನೀವೇ ಗುರುತು ಹಿಡಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟಿರಿ. ಕಿಟಕಿಯಾಚೆ ಕೆರೆ ಮಂಜಿನಲ್ಲಿ ಅರ್ಧ ಕರಗಿತ್ತು. ಗಂಗಾನಗರದ ಮನೆಯಲ್ಲೇ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೇನೆ ಎಂದಿರಿ. ಪ್ರೋಗ್ರಾಮಿಂಗ್ ಯಾಕೆ ಬಿಟ್ಟಿರಿ ಎಂದು — ನಾನೇ, ನೋಡಿ, ನಾನೇ ಕೇಳಿದೆ.

"ನಾನ್ ಬರ್ದಿದ್ದು ನಿಧಾನ ಅಂತ ಅವತ್ತೇ ಗೊತ್ತಾಯ್ತಲ್ಲ ವೀಣಾ. ಆಮೇಲೆ ಕೈ ಓಡ್ಲೇ ಇಲ್ಲ," ಎಂದು ನಕ್ಕಿರಿ.

ಆಗಲೂ ನಾನು ಮಾತನ್ನು ಕೆರೆಯ ಮಂಜಿನತ್ತ ತಿರುಗಿಸಿದೆ. ನಿಮ್ಮ ನಿಲ್ದಾಣ ಬಂತು. ನೀವು ಇಳಿದು ಹೋದಿರಿ.

ಇಂದು ಬೆಳಿಗ್ಗೆ ಸುರೇಶ್ ಸರ್‌ಗೆ ಎಲ್ಲ ಹೇಳಿದೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬಂದು ನಿಮ್ಮ ಕೈಗೇ ಕೊಡುತ್ತೇನೆ. ನೀವು ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತೇನೆ — ನೀವು ಹೋಗಿ ಎಂದರೆ ಮಾತ್ರ ಏಳುತ್ತೇನೆ.