ಎಣ್ಣೆ ಸೋಕಬಾರದ ಅಚ್ಚು

ಹಿರಿಯೂರಿಗೆ ಬಂದ ದಿನವೇ ಕಬ್ಬಿಣ ಹೆರೆದ ಸುರುಳಿ ಅಂಗಾಲಿಗೆ ಹೊಕ್ಕಿತು. ನೀಲಿಗೆ ಹೊಳೀತಿತ್ತು, ಮುಟ್ಟಿದರೆ ಕೆಂಡ. ನಮ್ಮ ಯಲ್ಲದಕೆರೆಯ ಜಾಲಿಮುಳ್ಳು ಚುಚ್ಚುತ್ತೆ, ಸುಡಲ್ಲ. ಇಲ್ಲಿ ಮನೆಯೊಳಗೂ ಚಪ್ಪಲಿ ಬೇಕು. ಮನೆ ಅಂದರೆ ಹೈವೇ ಪಕ್ಕದ ತಗಡಿನ ಶೆಡ್ಡು. ಮುಂದೆ ಕಬ್ಬಿಣ ತಿರುಗಿಸಿ ಹೆರೆಯೋ ಲೇತು, ಹಿಂದೆ ಒಲೆ.

ಮಗ ತೀರಿಕೊಂಡ ಮೇಲೆ ಅವನ ಲೇತು ನಾನೇ ನಡೆಸ್ತೀನಿ ಅಂದಳು ಸೊಸೆ ಗಂಗಮ್ಮ. ಗಂಡನ ಪಕ್ಕ ನಿಂತು ಕಲಿತಿದ್ದಳು. ಒಂಟಿ ಹೆಂಗಸು ಅಲ್ಲಿ ಹೆಂಗಿರ್ತಾಳೆ ಅಂತ ಊರು ಆಡಿಕೊಂಡಿತು. ಅದಕ್ಕೇ ಕುರಿಗಳನ್ನು ಮೈದುನನಿಗೆ ಒಪ್ಪಿಸಿ ನಾನೂ ಬಂದೆ. ಊರಲ್ಲಿ ಯಾರ ಮನೇಲಿ ಏನು ಸಾರು ಅಂತ ವಾಸನೆಗೇ ತಿಳೀತಿತ್ತು. ಇಲ್ಲಿ ಎಲ್ಲಾ ಡೀಸೆಲ್ಲೇ. ಪಕ್ಕದ ಪಂಚರ್ ಅಂಗಡಿಯಾಕೆಗೆ ನಾನು ನೀರು ಅಂತೀನಿ, ಆಯಮ್ಮ ಪಾನಿ ಅಂತಾಳೆ, ಬಿಂದಿಗೆ ಹೆಂಗೋ ತುಂಬುತ್ತೆ.

ಲೇತಿನ ಮಾತೂ ಕಲಿಯಬೇಕಾಯಿತು. ಟೇಪರ್ ಅಂದರೆ ಉಣ್ಣೆ ನೂಲುವ ಕದಿರಿನಂಗೆ ಒಂದು ಕಡೆ ದಪ್ಪ, ಬರ್ತಾ ಬರ್ತಾ ಸಣ್ಣ. ಉಳಿ ಕೂತ ಸ್ಲೈಡನ್ನು ಒಂಚೂರು ಓರೆ ಮಾಡಿ ಗಂಗಮ್ಮ ಕಬ್ಬಿಣ ಹೆರೀತಾಳೆ. ಆಮೇಲೆ ನೀಲಿ ಬಣ್ಣ ಸವರಿ, ಅದು ಕೂರಬೇಕಾದ ಗಾಲಿಯ ಓರೆ ತೂತಿಗೆ ತೂರಿಸಿ, ತಿರುವಿ ಎಳೀತಾಳೆ. ನೀಲಿ ಉದ್ದಕ್ಕೂ ಒಂದೇ ಸಮ ಉಜ್ಜಿಹೋಗಿದ್ದರೆ ಸರಿ. ಒಂದೇ ತುದೀಲಿ ಹೋಗಿದ್ದರೆ ಓರೆ ತಪ್ಪಿತು, ಮತ್ತೆ ಹೆರೀಬೇಕು.

ಹೊಸದುರ್ಗದ ಸಾಹುಕಾರ ಒಬ್ಬ, ಕಾಯಿ ಸುಲಿಯೋ ಮಿಷಿನ್ನುಗಳ ಯಜಮಾನ, ಗಾಲಿ ತಂದುಕೊಟ್ಟು ಅದಕ್ಕೊಂದು ಟೇಪರ್ ಶಾಫ್ಟ್, ಅಂದರೆ ಅಚ್ಚು, ಮಾಡು ಅಂದ. ಸರಿಯಾಗಿ ಕೂತರೆ ಅವನ ಕೆಲಸವೆಲ್ಲ ನಮಗೆ, ಇಲ್ಲದಿದ್ದರೆ ಚಿತ್ರದುರ್ಗಕ್ಕೆ. ಅವನ ಕೆಲಸ ತಪ್ಪಿದರೆ ಶೆಡ್ಡು ನಡೆಯಲ್ಲ. ಗಂಗಮ್ಮ ಊಟ ಬಿಟ್ಟು ಹೆರೆದಳು. ನೀಲಿ ಒಂದೇ ಸಮ ಹೋಯಿತು. ಅವಳು ಸ್ನಾನಕ್ಕೆ ಹೋದಾಗ ಶಾಫ್ಟೂ ಗಾಲಿಯೂ ಒಯ್ಯೋಕೆ ಸಾಹುಕಾರನ ಆಳು ಬಂದ. ಅಚ್ಚಿಗೆ ಕೀಲೆಣ್ಣೆ ಹಾಕದೆ ನಮ್ಮಲ್ಲಿ ಯಾರೂ ಗಾಡಿ ಕಟ್ಟಲ್ಲ. ನಾನು ಶಾಫ್ಟಿಗೆ ಹರಳೆಣ್ಣೆ ಚೆನ್ನಾಗಿ ಸವರಿ ಕಳಿಸಿದೆ.

ಮಾರನೇ ದಿನ ಸಾಹುಕಾರನೇ ಎರಡನ್ನೂ ಹೊತ್ತು ತಂದ. ಶಾಫ್ಟ್ ತಿರುಗುತ್ತೆ, ಗಾಲಿ ಜಾರಿ ನಿಂತುಬಿಡುತ್ತೆ ಅಂತ ತಕರಾರು. "ಇದು ಗಂಡಸರ ಕೆಲಸ ಕಣಮ್ಮ," ಅಂದ.

ಗಂಗಮ್ಮ ಶಾಫ್ಟಿನ ಮೇಲೆ ಬೆರಳಾಡಿಸಿ ಮೂಸಿದಳು. ನನ್ನ ಕಡೆ ತಿರುಗಿದಳು.

"ಅತ್ತೆ, ಗಾಡಿ ಅಚ್ಚಿನ ಮೇಲೆ ಗಾಲಿ ತಿರುಗಬೇಕು. ಇಲ್ಲಿ ಗಾಲಿ ಅಚ್ಚನ್ನ ಕಚ್ಚಿ ಹಿಡೀಬೇಕು. ಎಣ್ಣೆ ಸೋಕಬಾರದು."

"ನಂಗೇನ್ ಗೊತ್ತು ಲೇ. ನನ್ನ ತಲೆಗೂ ಅದೇ ಎಣ್ಣೆ."

ಅವಳು ನಗಲಿಲ್ಲ. ಎರಡನ್ನೂ ಒಣಗೋ ಹಂಗೆ ಒರೆಸಿ, ತೂರಿಸಿ, ಒಂದು ಪೆಟ್ಟು ಹಾಕಿದಳು. ಸಾಹುಕಾರ ಜಗ್ಗಿ ನೋಡಿದ, ಅಲುಗಲಿಲ್ಲ. ತಗೊಂಡು ಹೋದ. ಉಳಿದ ಕೆಲಸದ ಮಾತು ಎತ್ತಲಿಲ್ಲ, ಇವತ್ತಿಗೂ ಎತ್ತಿಲ್ಲ. ಈಗ ಲೇತು ಅರ್ಧ ದಿನ ಸುಮ್ಮನೆ ನಿಂತಿರುತ್ತೆ.

ಲೇತು ಮಾರಿ ಬರ್ರಿ, ಕುರಿ ಅವೆ, ಮನೆ ಐತೆ ಅಂತ ಮೈದುನ ಫೋನು ಮಾಡ್ತಾನೆ. ಗಂಗಮ್ಮ ಬರಲ್ಲ ಅಂತಾಳೆ. ಹೋದ ವಾರ ನಾನೊಬ್ಬಳೇ ಊರಿಗೆ ಹೋಗಿದ್ದೆ. ಕುರಿಗಳು ನನ್ನ ದನಿಗೆ ತಲೆ ಎತ್ತಲಿಲ್ಲ. ಹಟ್ಟಿ ಬಾಗಿಲು ಕಿರುಗುಡ್ತಿತ್ತು, ಓರಗಿತ್ತಿ ಎಣ್ಣೆ ಬಟ್ಟಲು ಕೈಗಿಟ್ಟಳು. ಕೀಲಿನ ಹತ್ರ ಒಯ್ದ ಕೈ ಹಂಗೇ ನಿಂತಿತು.

"ಯಾಕಕ್ಕ, ಬಾಗಿಲಿಗೆ ಎಣ್ಣೆ ಬಿಡೋದೂ ಮರೆತ್ಯಾ?" ಅಂದಳು.

ಎಣ್ಣೆ ಬಿಟ್ಟೆ. ಸಂಜೆ ಬಸ್ಸಿಗೆ ಹಿರಿಯೂರಲ್ಲಿ ಇಳಿದು, ಶೆಡ್ಡಿನೊಳಗೆ ಕಾಲಿಡೋ ಮುಂಚೆ ಸೆರಗಿಗೆ ಎರಡೂ ಕೈ ಉಜ್ಜಿ ಉಜ್ಜಿ ಒರೆಸಿಕೊಂಡೆ.